ಅಂಗಳದ ಅಕ್ಕಿ, ಗುಡಿಸಲಿನ ಅಂಬಲಿ: ಶರಣರ ಮನೆಗಳಲ್ಲಿ ಕೊಡುವ ಬಗೆ ಮತ್ತು ಋಣದ ಅರಿವು

ಮದುವೆ, ಸೀಮಂತ, ತೊಟ್ಟಿಲು, ಗೃಹಪ್ರವೇಶ ಹೀಗೆ ನಮ್ಮ ಮನೆಗಳಲ್ಲಿ ಕೊಡುವ ಮತ್ತು ಕೊಳ್ಳುವ ಸಂದರ್ಭಗಳಿಗೆ ಕೊರತೆಯಿಲ್ಲ. ಮದುವೆಯ ಹಂದರದ ಮೂಲೆಯಲ್ಲಿ ಮನೆಯ ಹಿರಿಯರೊಬ್ಬರು ಪುಸ್ತಕ ಹಿಡಿದು ಕುಳಿತು, ಯಾರು ಎಷ್ಟು ಮುಯ್ಯಿ ಮಾಡಿದರು, ಯಾರು ಯಾವ ಬಟ್ಟೆಯನ್ನು ಆಯೇರು ಮಾಡಿದರು ಎಂದು ಬರೆದುಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮುಂದೆ ಅವರ ಮನೆಯಲ್ಲಿ ಕಾರ್ಯವಾದಾಗ ಆ ಪುಸ್ತಕವನ್ನು ತೆರೆದು ನೋಡಿ ಅಷ್ಟನ್ನೋ, ಅದಕ್ಕಿಂತ ತುಸು ಹೆಚ್ಚನ್ನೋ ಹಿಂದಿರುಗಿಸುವುದು ವಾಡಿಕೆ. ಕಷ್ಟಕಾಲದಲ್ಲಿ ನೆರೆಹೊರೆ ಪರಸ್ಪರ ಹೆಗಲು ಕೊಡುವ ಈ ಪದ್ಧತಿಯಲ್ಲಿ ತಪ್ಪೇನೂ ಇಲ್ಲ. ಆದರೆ ಕನ್ನಡದ 'ಮುಯ್ಯಿ' ಎಂಬ ಪದವನ್ನು ಒಮ್ಮೆ ಗಮನಿಸಬೇಕು. ಪ್ರೀತಿಯಿಂದ ಕೊಟ್ಟ ಉಡುಗೊರೆಗೂ ಮುಯ್ಯಿ ಎನ್ನುತ್ತೇವೆ. ಹಗೆಯನ್ನು ಸಾಧಿಸುವುದಕ್ಕೂ ಮುಯ್ಯಿ ತೀರಿಸುವುದು ಎನ್ನುತ್ತೇವೆ. ಕೊಟ್ಟದ್ದು ಲೆಕ್ಕವಾಗಿ ಉಳಿದರೆ ಉಡುಗೊರೆಗೂ ಹಗೆಗೂ ನಡುವಿನ ಗೆರೆ ಎಷ್ಟು ತೆಳುವಾಗುತ್ತದೆ ಎಂಬುದನ್ನು ಈ ಒಂದು ಪದವೇ ನಮಗೆ ತಿಳಿಸುತ್ತದೆ.

ಹಾಗಾದರೆ ಪಡೆದವರ ತಲೆ ತಗ್ಗದಂತೆ ಕೊಡುವುದು ಹೇಗೆ? ಪಡೆದುದನ್ನು ಲೆಕ್ಕವಾಗಿಸದೆ ನೆನೆಯುವುದು ಹೇಗೆ? ಈ ಪ್ರಶ್ನೆಗಳಿಗೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಎರಡು ಬಡಮನೆಗಳು ಉತ್ತರ ಕೊಟ್ಟಿವೆ. ಒಂದು ಆಯ್ದಕ್ಕಿಯ ಲಕ್ಕಮ್ಮ ಮತ್ತು ಮಾರಯ್ಯನವರ ಮನೆ; ಇನ್ನೊಂದು ಮೋಳಿಗೆಯ ಮಹಾದೇವಿ ಮತ್ತು ಮಾರಯ್ಯನವರ ಮನೆ. ಆ ಎರಡು ಮನೆಗಳ ಕಥನವನ್ನು ಚರಿತ್ರೆಯ ಹಿನ್ನೆಲೆಯಲ್ಲಿಟ್ಟು ನೋಡುವುದು ಈ ಬರಹದ ಉದ್ದೇಶ.

ಕಲ್ಲಿನ ಮೇಲಿನ ದಾನ

ಶರಣರ ಕಾಲದ ಕರ್ನಾಟಕದಲ್ಲಿ ಕೊಡುವುದಕ್ಕೆ ಒಂದು ಸಿದ್ಧ ಮಾದರಿಯಿತ್ತು. ಕಲ್ಯಾಣ ಚಾಲುಕ್ಯರ ಹಾಗೂ ಕಳಚುರಿಗಳ ಕಾಲದ ಶಾಸನಗಳನ್ನು ಓದಿದವರಿಗೆ ಅದು ಪರಿಚಿತ. ಸಂಕ್ರಾಂತಿ, ಗ್ರಹಣ ಮೊದಲಾದ ಪುಣ್ಯಕಾಲವನ್ನು ಆರಿಸಿಕೊಂಡು, ಪಡೆಯುವವರ ಪಾದಗಳನ್ನು ತೊಳೆದು, ಧಾರೆಯೆರೆದು, ಭೂಮಿಯನ್ನೋ ಸುಂಕದ ಆದಾಯವನ್ನೋ ದೇವಾಲಯಕ್ಕೆ, ಅಗ್ರಹಾರಕ್ಕೆ, ಬಸದಿಗೆ, ಮಠಕ್ಕೆ ಬಿಟ್ಟುಕೊಡುತ್ತಿದ್ದರು. ಭೂಮಿಯ ಎಲ್ಲೆಗಳನ್ನು ಬರೆಸಿ, ಕೊಟ್ಟವರ ವಂಶವನ್ನು ಹೊಗಳಿ, ಕೊನೆಗೆ ಈ ದಾನವನ್ನು ಕಾಪಾಡಿದವರಿಗೆ ಪುಣ್ಯವನ್ನೂ ಅಳಿದವರಿಗೆ ಘೋರ ಪಾಪವನ್ನೂ ವಿಧಿಸಿ ಕಲ್ಲನ್ನು ನಿಲ್ಲಿಸುತ್ತಿದ್ದರು. ಆ ಕಲ್ಲುಗಳು ಇಲ್ಲದಿದ್ದರೆ ನಮ್ಮ ನಾಡಿನ ಚರಿತ್ರೆಯ ಬಹುಭಾಗ ನಮಗೆ ತಿಳಿಯುತ್ತಲೇ ಇರಲಿಲ್ಲ. ಆದ್ದರಿಂದ ಅವುಗಳ ಬಗ್ಗೆ ಹಗುರವಾಗಿ ಮಾತನಾಡುವುದು ಸಲ್ಲದು.

ದಾನದ ಆ ಪರಂಪರೆಯಲ್ಲಿಯೂ ವಿವೇಕವುಳ್ಳ ಮಹಾದಾನಿಗಳಿದ್ದರು. 'ದಾನಚಿಂತಾಮಣಿ' ಎಂದು ಹೆಸರಾದ ಅತ್ತಿಮಬ್ಬೆಯನ್ನು ಇಲ್ಲಿ ನೆನೆಯಬೇಕು. ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿಯನ್ನು ಕಟ್ಟಿಸಿದ ಈ ತಾಯಿ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಯಿಸಿ ಹಂಚಿದಳು. ಮುದ್ರಣವಿಲ್ಲದ ಕಾಲದಲ್ಲಿ ಒಂದು ಕೃತಿ ಉಳಿಯಬೇಕಾದರೆ ಅದರ ಪ್ರತಿಗಳು ಹೆಚ್ಚಬೇಕು, ಓದುವವರ ಕೈಗೆ ಅದು ಸೇರಬೇಕು. ಇದನ್ನು ಅರಿತು ಕೊಟ್ಟ ಕೊಡುಗೆ ಅದು. ಕಾಲಕ್ಕೆ ಏನು ಬೇಕು, ಪಡೆಯುವವರಿಗೆ ಯಾವುದು ಉಪಯುಕ್ತ ಎಂದು ಯೋಚಿಸಿ ಕೊಡುವುದಕ್ಕೆ ಕನ್ನಡ ನಾಡಿನಲ್ಲಿ ಇದಕ್ಕಿಂತ ಉತ್ತಮ ಉದಾಹರಣೆ ದೊರೆಯುವುದು ಕಷ್ಟ.

ಆದರೂ ದಾನದ ಮಾದರಿಯಲ್ಲಿ ಒಂದು ಸಂಗತಿ ಬದಲಾಗದೆ ಉಳಿಯುತ್ತದೆ. ಅಲ್ಲಿ ಕೊಡುವವರ ಕೈ ಮೇಲಿರುತ್ತದೆ, ಪಡೆಯುವವರ ಕೈ ಕೆಳಗಿರುತ್ತದೆ. ಪುಣ್ಯ ಕೊಟ್ಟವರಿಗೆ ಸೇರುತ್ತದೆ, ಹೆಸರೂ ಅವರದೇ ಉಳಿಯುತ್ತದೆ. ಇರುವವರು ಮಾತ್ರ ಕೊಡಬಲ್ಲರು. ಇಲ್ಲದವರು ಪಡೆಯುತ್ತಲೇ ಇರಬೇಕು. ಭೂಮಿಯಿಲ್ಲದವರು, ಹೊನ್ನಿಲ್ಲದವರು, ಮನೆಯೊಳಗೆ ಒಲೆಯ ಮುಂದೆ ಬದುಕು ಸವೆಸುವ ಹೆಣ್ಣುಮಕ್ಕಳು ಯಾವ ಕಲ್ಲಿನ ಮೇಲೆ ತಮ್ಮ ಕೊಡುಗೆಯನ್ನು ಬರೆಯಿಸಬಲ್ಲರು?

ದಾಸೋಹ ಎಂಬ ತಿರುವು

ಬಸವಾದಿ ಶರಣರು ತಂದ ಬದಲಾವಣೆಯ ಮಹತ್ವ ಇಲ್ಲಿ ಗೋಚರಿಸುತ್ತದೆ. ಅವರು 'ದಾನ'ದ ಸ್ಥಾನದಲ್ಲಿ 'ದಾಸೋಹ'ವನ್ನು ನೆಲೆಗೊಳಿಸಿದರು. ದಾಸೋಹಂ ಎಂದರೆ 'ನಾನು ದಾಸನು' ಎಂದರ್ಥ. ಕೊಡುವವನೇ ಸೇವಕನಾದ ಮೇಲೆ ಮೇಲಿನ ಕೈ, ಕೆಳಗಿನ ಕೈ ಎಂಬ ಮಾತು ಉಳಿಯುವುದಿಲ್ಲ. ನಾನು ಮಾಡಿದೆ, ನಾನು ನೀಡಿದೆ ಎಂಬ ಭಾವ ಮನಸ್ಸಿನಲ್ಲಿ ಸುಳಿದರೆ ಮಾಡಿದುದೆಲ್ಲ ಕೆಟ್ಟಿತೆಂದು ಬಸವಣ್ಣನವರು ತಮ್ಮನ್ನೇ ಎಚ್ಚರಿಸಿಕೊಳ್ಳುತ್ತಾರೆ. ಬಿಜ್ಜಳನ ಭಂಡಾರದ ಹೊಣೆ ಹೊತ್ತು, ಮಹಾಮನೆಯಲ್ಲಿ ಬಂದವರಿಗೆಲ್ಲ ಅನ್ನವಿಕ್ಕುತ್ತಿದ್ದ ಅವರಿಗೆ ಈ ಎಚ್ಚರ ಬಹಳ ಅಗತ್ಯವಾಗಿತ್ತು.

ದಾಸೋಹಕ್ಕೆ ಶರಣರು ಹಾಕಿದ ಇನ್ನೊಂದು ಕಟ್ಟು ಕಾಯಕ. ಕೊಡುವ ವಸ್ತು ಸ್ವಂತ ದುಡಿಮೆಯಿಂದ, ಸತ್ಯಶುದ್ಧವಾಗಿ ಬಂದಿರಬೇಕು. ಕಾಯಕವನ್ನು ಕೈಲಾಸಕ್ಕೆ ಸಮನಾಗಿಸಿದ ಪ್ರಸಿದ್ಧವಾದ ಮಾತನ್ನು ಬಸವಣ್ಣನವರದೆಂದು ಅನೇಕರು ಹೇಳುವುದುಂಟು. ಅದು ದೊರೆಯುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯುವುದೇ ಕಾಯಕವಾಗಿದ್ದ ಬಡಶರಣನ ಬಾಯಿಂದ ಈ ಮಾತು ಹೊರಟಿತೆಂಬುದನ್ನು ನಾವು ಮರೆಯಬಾರದು. ಕೊಡುವುದಕ್ಕೆ ಸಿರಿ ಬೇಕೆಂಬ ಹಳೆಯ ನಂಬಿಕೆ ಅಲ್ಲಿಗೆ ಮುರಿದುಬಿತ್ತು. ದುಡಿಯುವ ಕೈ ಇದ್ದರೆ ಸಾಕು, ಯಾರೂ ದಾಸೋಹಿಗಳಾಗಬಹುದು.

ಸುರಿದು ಬಂದ ಅಕ್ಕಿ

ಲಕ್ಕಮ್ಮ ಮತ್ತು ಮಾರಯ್ಯ ದಂಪತಿಗಳು ಇಂದಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯವರು. ಆ ಊರಿನ ದೈವವೇ ಇಬ್ಬರ ವಚನಗಳ ಅಂಕಿತದಲ್ಲಿಯೂ ನೆಲೆಗೊಂಡಿದೆ. ಕಲ್ಯಾಣಕ್ಕೆ ಬಂದು ನೆಲೆಸಿದ ಮೇಲೆ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವರು; ಲಕ್ಕಮ್ಮನವರು ಅದನ್ನು ಅಟ್ಟು ಜಂಗಮರಿಗೆ ನೀಡಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವರು. ಅವರ ವಚನಗಳು ಹನ್ನೆರಡನೆಯ ಶತಮಾನದವು. ಆ ವಚನಗಳನ್ನು ಪೋಣಿಸಿ ಕಥನವಾಗಿ ಕಟ್ಟಿದ ಶೂನ್ಯಸಂಪಾದನೆಗಳು ಮೂಡಿದ್ದು ಹದಿನೈದನೆಯ ಶತಮಾನದಿಂದೀಚೆಗೆ. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳಿಗೆ ಪ್ರತ್ಯೇಕವಾದ ಒಂದು ಅಧ್ಯಾಯವೇ ಮೀಸಲಾಗಿದೆ.

ಒಂದು ದಿನ ಮಾರಯ್ಯನವರು ಅನುಭಾವದ ಮಾತಿನಲ್ಲಿ ಮೈಮರೆತರು. ಕಾಯಕದ ಹೊತ್ತು ಮೀರುತ್ತಿದೆ ಎಂದು ನೆನಪಿಸಿದವರು ಲಕ್ಕಮ್ಮನವರು. ಮಾರಯ್ಯನವರು ಅವಸರದಿಂದ ಹೋಗಿ, ಅಂದು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಬಡಮನೆಗೆ ಒಂದು ಹಿಡಿ ಅಕ್ಕಿ ಹೆಚ್ಚಾಗಿ ಬಂದರೆ ಗೃಹಿಣಿ ಹಿಗ್ಗಬೇಕಲ್ಲವೇ? ಲಕ್ಕಮ್ಮನವರು ಹಿಗ್ಗಲಿಲ್ಲ, ಪ್ರಶ್ನಿಸಿದರು. ಆಸೆ ಅರಸರಿಗೆ ಇರಬಹುದು, ಶಿವಭಕ್ತರಿಗೆ ಅದೇಕೆಂಬುದು ಅವರ ಒಂದು ವಚನದ ತಾತ್ಪರ್ಯ. ಇನ್ನೊಂದು ವಚನದಲ್ಲಿ ಅವರು ಮತ್ತೂ ಆಳಕ್ಕೆ ಹೋಗುತ್ತಾರೆ: ಈ ಹೆಚ್ಚಿನ ಅಕ್ಕಿ ಬಂದುದು ನಿಮ್ಮ ಮನಸ್ಸು ಇಬ್ಬಗೆಯಾದುದರಿಂದಲೋ, ಅಥವಾ ಬಸವಣ್ಣನವರ ಚಿತ್ತದಲ್ಲಿ ಅನುಮಾನ ಹುಟ್ಟಿದುದರಿಂದಲೋ ಎಂದು ಕೇಳಿ, ಈ ಅಡಿಗೆ ಲಿಂಗಕ್ಕೆ ಸಲ್ಲದು, ತಂದ ಜಾಗದಲ್ಲಿಯೇ ಸುರಿದು ಬರಬೇಕೆಂದು ಪತಿಯನ್ನು ಹಿಂದಕ್ಕೆ ಕಳುಹಿಸುತ್ತಾರೆ.

ಈ ವಚನವನ್ನು ನಾವು ಸಾಮಾನ್ಯವಾಗಿ ದುರಾಸೆಯ ಖಂಡನೆಯೆಂದಷ್ಟೇ ಓದುತ್ತೇವೆ. ಆದರೆ ಬಸವಣ್ಣನವರನ್ನು ಕುರಿತ ಆ ಪ್ರಶ್ನೆ ಗಮನಾರ್ಹವಾದುದು. ಲಕ್ಕಮ್ಮನವರು ಇಲ್ಲಿ ತಂದವರ ಮನಸ್ಸನ್ನು ಮಾತ್ರ ಪರೀಕ್ಷಿಸುತ್ತಿಲ್ಲ, ಕೊಟ್ಟವರ ಮನಸ್ಸನ್ನೂ ಪರೀಕ್ಷಿಸುತ್ತಿದ್ದಾರೆ. ಇವರು ಬಡವರು, ಇವರ ಕಾಯಕದಿಂದ ಬರುವುದು ಇವರಿಗೆ ಸಾಲದು ಎಂಬ ಅನುಮಾನ ಕೊಡುವವರಲ್ಲಿ ಮೂಡಿದರೆ, ಆ ಕೊಡುಗೆ ಎಷ್ಟೇ ಕರುಣೆಯಿಂದ ಕೂಡಿದ್ದರೂ ಪಡೆಯುವವರ ದುಡಿಮೆಗೆ ಅವಮಾನವಾಗುತ್ತದೆ. ಮಹಾಮನೆಯ ಒಡೆಯರನ್ನೇ ಒಬ್ಬ ಬಡ ಗೃಹಿಣಿ ಹೀಗೆ ಪ್ರಶ್ನಿಸಬಹುದಾಗಿತ್ತು; ಆ ಪ್ರಶ್ನೆಯನ್ನು ಶರಣರು ಮುಚ್ಚಿಡದೆ ಶತಮಾನಗಳ ಕಾಲ ಕಾಪಾಡಿಕೊಂಡು ಬಂದರು. ಇದು ನಮ್ಮ ಪರಂಪರೆಯ ಹೆಮ್ಮೆ.

ಕಥನ ಅಲ್ಲಿಗೇ ನಿಲ್ಲುವುದಿಲ್ಲ. ಅಳತೆಗೆ ತಕ್ಕ ಆ ಅಕ್ಕಿಯಿಂದಲೇ ಲಕ್ಕಮ್ಮನವರು ಬಸವಣ್ಣನವರನ್ನೂ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರನ್ನೂ ಮನೆಗೆ ಕರೆದು ತೃಪ್ತಿಪಡಿಸಿದರೆಂದು ಪರಂಪರೆ ಹೇಳುತ್ತದೆ. ಆ ಸಂಖ್ಯೆಯನ್ನು ಭಕ್ತಿಯ ಭಾಷೆಯಾಗಿ ಗ್ರಹಿಸಬೇಕು. ಅದರ ಹಿಂದಿನ ಅರ್ಥ ಸ್ಪಷ್ಟವಾಗಿದೆ: ಯಾವ ಮನೆಗೆ ಹೆಚ್ಚು ಕೊಟ್ಟು ಉಪಕರಿಸಬೇಕೆಂದು ಲೋಕ ಭಾವಿಸಿತೋ, ಆ ಮನೆಯೇ ಲೋಕಕ್ಕೆ ಉಣಬಡಿಸಿತು.

ಅಂಬಲಿಯೂ ಹೊನ್ನೂ

ಎರಡನೆಯ ಮನೆ ಮೋಳಿಗೆಯ ಮಾರಯ್ಯನವರದು. ಅವರು ಕಾಶ್ಮೀರದ ಅರಸರಾಗಿದ್ದು, ರಾಜ್ಯವನ್ನು ತೊರೆದು ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದರೆಂದು ಪರಂಪರೆ ಹೇಳುತ್ತದೆ. ಕಾಡಿನಿಂದ ಕಟ್ಟಿಗೆಯ ಹೊರೆ ತಂದು ಮಾರುವುದು ಅವರ ಕಾಯಕ. ಅದರಿಂದಲೇ ಅವರಿಗೆ ಮೋಳಿಗೆಯ ಎಂಬ ಹೆಸರು ಬಂದಿತು. ಅವರ ಬಡತನವನ್ನು ಕೇಳಿದ ಬಸವಣ್ಣನವರು ಜಂಗಮ ವೇಷದಲ್ಲಿ, ಮಾರಯ್ಯನವರು ಇಲ್ಲದ ಸಮಯದಲ್ಲಿ, ಗುಡಿಸಲಿಗೆ ಬಂದರು. ಮಹಾದೇವಿಯಮ್ಮನವರು ಮನೆಯಲ್ಲಿದ್ದ ಅಂಬಲಿಯನ್ನು ನೀಡಿದರು. ಬಸವಣ್ಣನವರು ಅದನ್ನು ಸವಿದು, ಹೊರಡುವಾಗ ಯಾರಿಗೂ ತಿಳಿಯದಂತೆ ಹೊನ್ನಿನ ಗಂಟುಗಳನ್ನು ಇಟ್ಟು ಹೋದರು.

ಹಿಂದಿರುಗಿದ ಮಾರಯ್ಯನವರಿಗೆ ಹೊನ್ನು ಕಂಡಾಗ ಇದು ಯಾರ ಕೆಲಸವೆಂದು ತಿಳಿಯಲು ತಡವಾಗಲಿಲ್ಲ. ಅವರು ಜಂಗಮರನ್ನು ಕರೆಸಿ ಆ ಹೊನ್ನನ್ನು ಅವರಿಗೇ ಒಪ್ಪಿಸಿದರು. ಪಾದೋದಕದ ಸ್ಪರ್ಶದಿಂದ ತಮ್ಮ ಕಟ್ಟಿಗೆಯೇ ಹೊನ್ನಾಯಿತೆಂದು, ಅದನ್ನೂ ಹಂಚಿಬಿಟ್ಟರೆಂದು ಕಥನ ಹೇಳುತ್ತದೆ. ವಿಷಯ ತಿಳಿದ ಬಸವಣ್ಣನವರು ತಮ್ಮ ತಪ್ಪನ್ನು ಅರಿತು ಅವರ ಮುಂದೆ ಬಾಗಿದರು.

ಬಸವಣ್ಣನವರ ಉದ್ದೇಶದಲ್ಲಿ ಲೇಶವೂ ಕಲ್ಮಷವಿರಲಿಲ್ಲ. ಗುಟ್ಟಾಗಿ ಕೊಟ್ಟುದರಿಂದ ಹೆಸರಿನ ಆಸೆಯೂ ಇರಲಿಲ್ಲವೆಂಬುದು ಸ್ಪಷ್ಟ. ಆದರೂ ಆ ಕೊಡುಗೆ ಏಕೆ ಸಲ್ಲಲಿಲ್ಲ? ಮಹಾದೇವಿಯಮ್ಮನವರ ಅಂಬಲಿ ಅದಾಗಲೇ ಪೂರ್ಣವಾದ ದಾಸೋಹವಾಗಿತ್ತು. ಅದಕ್ಕೆ ತಕ್ಕ ಪ್ರತಿಯೆಂದರೆ ಅದನ್ನು ಸವಿದು ಕೃತಜ್ಞರಾಗುವುದು. ಅಂಬಲಿಯ ಪಕ್ಕದಲ್ಲಿ ಹೊನ್ನನ್ನು ಇಟ್ಟಾಗ, ನೀವು ಕೊಟ್ಟುದು ಸಾಲದು, ನಿಮ್ಮಲ್ಲಿ ಕೊರತೆಯಿದೆ ಎಂದು ಹೇಳಿದಂತಾಯಿತು. ಕೊಡುವ ಮೊದಲು ನಾವು ಪಡೆದುದೇನೆಂದು ಅರಿಯಬೇಕು. ಈ ಅರಿವು ತಪ್ಪಿದರೆ ಮಹಾಪುರುಷರ ಕೊಡುಗೆಯೂ ಎಡವುತ್ತದೆ. ಇದನ್ನು ಬಸವಣ್ಣನವರ ಕಥನದ ಮೂಲಕವೇ ಹೇಳುವ ಧೈರ್ಯ ನಮ್ಮ ಹಿರಿಯರಿಗಿತ್ತು.

ಕೃತಜ್ಞತೆ ಎಂಬ ಪದದ ಅರ್ಥವೂ ಇದೇ. ಕೃತ ಎಂದರೆ ಮಾಡಿದುದು. ಜ್ಞ ಎಂದರೆ ಬಲ್ಲವನು. ತನಗಾಗಿ ಮಾಡಿದುದನ್ನು ಬಲ್ಲವನೇ ಕೃತಜ್ಞ. ಬಾಯಿಮಾತಿನ ಧನ್ಯವಾದಕ್ಕಿಂತ ಮೊದಲು ಬರಬೇಕಾದುದು ಈ ಅರಿವು. ನಮ್ಮ ಹಳ್ಳಿಗಳಲ್ಲಿ ಹಿರಿಯರು ಉಂಡು ಏಳುವಾಗ ಧನ್ಯವಾದ ಎನ್ನುತ್ತಿರಲಿಲ್ಲ. ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ ಎನ್ನುತ್ತಿದ್ದರು. ಶರಣರ ಮನೆಗಳಲ್ಲಿ 'ಶರಣು' ಎಂಬ ಒಂದೇ ಪದ ಬರಮಾಡಿಕೊಳ್ಳುವುದಕ್ಕೂ ಬೀಳ್ಕೊಡುವುದಕ್ಕೂ ನೆನೆಯುವುದಕ್ಕೂ ಸಾಕಾಗಿತ್ತು.

ಅಂಕಿತದಲ್ಲಿ ಉಳಿದ ಹೆಸರು

ಮನೆಯೊಳಗಿನ ಋಣದ ವಿಷಯದಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ಲಕ್ಕಮ್ಮನವರ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಪ್ರತಿಯೊಂದು ವಚನವನ್ನು ಮುಗಿಸುವಾಗಲೂ ಅವರು ಪತಿಯನ್ನು ನೆನೆಯುತ್ತಾರೆ. ಮಾರಯ್ಯನವರ ಅಂಕಿತ 'ಅಮರೇಶ್ವರಲಿಂಗ'. ಅದರಲ್ಲಿ ಲಕ್ಕಮ್ಮನವರ ಹೆಸರಿಲ್ಲ. ಇದಕ್ಕಾಗಿ ಆ ಮಹಾಶರಣನನ್ನು ದೂರಬೇಕಾಗಿಲ್ಲ. ಪತ್ನಿ ಹೇಳಿದಾಗ ಮರುಮಾತಾಡದೆ ಅಕ್ಕಿಯನ್ನು ಹಿಂದಕ್ಕೆ ಒಯ್ದು ಸುರಿದು ಬಂದರಲ್ಲ, ಅದೇ ಅವರು ಸಲ್ಲಿಸಿದ ಕೃತಜ್ಞತೆ. ಒಬ್ಬರ ಮಾತಿನಂತೆ ನಡೆಯುವುದಕ್ಕಿಂತ ದೊಡ್ಡ ಗೌರವ ಇನ್ನಾವುದಿದೆ?

ಆದರೆ ನಮ್ಮ ಇಂದಿನ ಮನೆಗಳನ್ನು ನೋಡಿದಾಗ ಈ ವ್ಯತ್ಯಾಸ ಮನಸ್ಸಿಗೆ ಚುಚ್ಚುತ್ತದೆ. ಬೆಳಗಿನ ಜಾವಕ್ಕೆ ಎದ್ದು ರೊಟ್ಟಿ ಬಡಿಯುವ ತಾಯಿಗೆ, ಮನೆಮಂದಿಯೆಲ್ಲ ಉಂಡ ಮೇಲೆ ಉಳಿದುದನ್ನು ಉಣ್ಣುವ ಮಡದಿಗೆ, ಸೊಸೆಗೆ, ಶರಣು ಎಂದು ಹೇಳುವವರು ಎಷ್ಟು ಮಂದಿ? ಹೊರಗಿನವರು ಕೊಟ್ಟ ಒಂದು ಬಟ್ಟಲನ್ನು ಪುಸ್ತಕದಲ್ಲಿ ಬರೆದಿಡುತ್ತೇವೆ. ಮನೆಯೊಳಗೆ ನಿತ್ಯವೂ ಪಡೆಯುವ ಅನ್ನಕ್ಕೆ ಪುಸ್ತಕವೂ ಇಲ್ಲ, ನೆನಪೂ ಇಲ್ಲ. ಹಬ್ಬಕ್ಕೊಂದು ಸೀರೆ ತಂದು ಕೊಟ್ಟರೆ ಋಣ ಸಂದಿತೆಂದು ಭಾವಿಸುವುದು, ಅಂಬಲಿಯ ಪಕ್ಕದಲ್ಲಿ ಹೊನ್ನಿನ ಗಂಟನ್ನು ಇಟ್ಟಂತೆಯೇ ಸರಿ. ಸೀರೆಯನ್ನು ಕೊಡಬಾರದೆಂದಲ್ಲ. ಅದಕ್ಕೆ ಮೊದಲು ಉಂಡ ಅನ್ನದ ಅರಿವಿರಬೇಕು. ಆಕೆಗೆ ನಿಜವಾಗಿ ಬೇಕಾದುದು ಒಂದು ದಿನದ ವಿಶ್ರಾಂತಿಯೋ, ತವರಿಗೆ ಹೋಗಿಬರುವ ಅವಕಾಶವೋ, ತನ್ನ ಮಾತಿಗೆ ಮನೆಯಲ್ಲಿ ಬೆಲೆಯೋ ಎಂದು ಕೇಳಿ ತಿಳಿಯುವ ತಾಳ್ಮೆಯಿರಬೇಕು.

ಮಾರಿದ ಮನೆ

ನಾವಿಂದು ಲಕ್ಕಮ್ಮನವರ ವಚನಗಳನ್ನು ಓದುತ್ತಿರುವುದೂ ಒಂದು ಮನೆಯ ಕೊಡುಗೆಯಿಂದಲೇ. ಶತಮಾನಗಳ ಕಾಲ ಭಕ್ತರ ಮನೆಗಳಲ್ಲಿ, ಮಠಗಳಲ್ಲಿ ಬಟ್ಟೆ ಸುತ್ತಿ ಪೂಜಿಸಲಾಗುತ್ತಿದ್ದ ಓಲೆಗರಿಯ ಕಟ್ಟುಗಳನ್ನು ಊರೂರು ಅಲೆದು ಸಂಗ್ರಹಿಸಿದವರು ಫ. ಗು. ಹಳಕಟ್ಟಿಯವರು (1880–1964). ವಿಜಯಪುರದಲ್ಲಿ ವಕೀಲಿ ವೃತ್ತಿ ನಡೆಸುತ್ತಿದ್ದ ಅವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು; 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ವಚನಗಳ ಮುದ್ರಣಕ್ಕೆ ಸ್ವಂತ ಮುದ್ರಣಾಲಯ ಬೇಕೆಂದು ತಮ್ಮ ವಾಸದ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ತಾವು ಬಾಡಿಗೆಯ ಮನೆಯಲ್ಲಿ ಉಳಿದರು. ಅವರು ಹಾಕಿದ ಬುನಾದಿಯ ಮೇಲೆ ಅನೇಕ ವಿದ್ವಾಂಸರು ದುಡಿದು, 1993ರಲ್ಲಿ ಕರ್ನಾಟಕ ಸರ್ಕಾರದಿಂದ ಸಮಗ್ರ ವಚನ ಸಂಪುಟಗಳು ಹದಿನೈದು ಭಾಗಗಳಲ್ಲಿ ಹೊರಬಂದವು.

ಅತ್ತಿಮಬ್ಬೆಯ ಸಾವಿರ ಓಲೆಪ್ರತಿಗಳನ್ನು ನೆನೆದಾಗ ಹಳಕಟ್ಟಿಯವರ ಮುದ್ರಣಾಲಯ ತಾನಾಗಿಯೇ ನೆನಪಿಗೆ ಬರುತ್ತದೆ. ಒಬ್ಬರು ಜೈನ ಪರಂಪರೆಯ ಸಿರಿವಂತ ದಾನಿ, ಇನ್ನೊಬ್ಬರು ಶರಣ ಪರಂಪರೆಯ ಬಡ ದಾಸೋಹಿ. ಕಾಲಕ್ಕೆ ಏನು ಬೇಕೆಂದು ಅರಿತು ಕೊಟ್ಟುದರಲ್ಲಿ ಇಬ್ಬರೂ ಒಂದೇ. ಹಳಕಟ್ಟಿಯವರ ಮನೆಮಂದಿ ಆ ಬಡತನವನ್ನು ಹಂಚಿಕೊಂಡರೆಂಬುದನ್ನೂ ನಾವು ಕೃತಜ್ಞತೆಯಿಂದ ನೆನೆಯಬೇಕು.

ಎರಡು ಸೇರು ಜೋಳ

ಈ ವಿಷಯವನ್ನು ಬರೆಯಲು ನನಗೆ ಒಂದು ವೈಯಕ್ತಿಕ ಕಾರಣವೂ ಉಂಟು. ಕೆಲವು ವರ್ಷಗಳ ಹಿಂದೆ ಸುಗ್ಗಿಯ ಕಾಲದಲ್ಲಿ, ಮಠದ ದಾಸೋಹಕ್ಕೆ ಬರುವ ಧಾನ್ಯದ ಲೆಕ್ಕ ಬರೆಯುವ ಕೆಲಸ ನನ್ನದಾಗಿತ್ತು. ಆ ವರ್ಷ ಮಳೆ ಕೈಕೊಟ್ಟಿತ್ತು. ಕೂಲಿ ಮಾಡಿ ಬದುಕುವ ವೃದ್ಧ ತಾಯಿಯೊಬ್ಬರು ಸೆರಗಿನಲ್ಲಿ ಎರಡು ಸೇರು ಜೋಳ ಕಟ್ಟಿಕೊಂಡು ಬಂದರು. ಕನಿಕರದಿಂದ ನಾನು, 'ಈ ಸಲ ಬೇಡ ತಾಯಿ, ನಿಮಗೇ ಇರಲಿ' ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, 'ಯಾಕ್ರೀ ಅಪ್ಪಾ, ನಾ ಕೊಟ್ಟದ್ದು ಮಠಕ್ಕ ಸಲ್ಲೂದಿಲ್ಲೇನು?' ಎಂದರು. ಎಂ.ಎ. ತರಗತಿಯಲ್ಲಿ ಲಕ್ಕಮ್ಮನವರ ವಚನವನ್ನು ಓದಿ, ಅದರ ಮೇಲೆ ಪುಟಗಟ್ಟಲೆ ಬರೆದು ಬಂದಿದ್ದ ನನಗೆ ಆ ವಚನ ಅರ್ಥವಾದದ್ದು ಆ ಕ್ಷಣದಲ್ಲಿ. ಅವರ ಕಾಯಕದ ಬಗ್ಗೆ ಅನುಮಾನಪಟ್ಟವನು ನಾನು. ಅಷ್ಟರಲ್ಲಿ ದಾಸೋಹದ ಮನೆಯಲ್ಲಿ ಅಡಿಗೆ ಮಾಡುವ ತಾಯಿ ಎದ್ದು ಬಂದು, ತಮ್ಮ ಸೆರಗೊಡ್ಡಿ ಆ ಜೋಳವನ್ನು ತುಂಬಿಸಿಕೊಂಡು, 'ಶರಣ್ರೀ ಯವ್ವಾ, ಕೂಡ್ರಿ, ಪ್ರಸಾದ ತಗೊಂಡು ಹೋಗ್ರಿ' ಎಂದರು. ಬಂದ ತಾಯಿಯ ಮುಖ ಅರಳಿತು. ನಾನು ತಲೆತಗ್ಗಿಸಿ ಪುಸ್ತಕದಲ್ಲಿ ಎರಡು ಸೇರು ಎಂದು ಬರೆದುಕೊಂಡೆ.

ಪಡೆಯುವುದೂ ಒಂದು ದಾಸೋಹವೆಂಬುದನ್ನು ಆ ಇಬ್ಬರು ತಾಯಂದಿರು ನನಗೆ ಕಲಿಸಿದರು. ಬಡವರ ಕೊಡುಗೆಯನ್ನು ಕನಿಕರದಿಂದ ನಿರಾಕರಿಸುವುದು, ಕೊಡುವ ಅಧಿಕಾರವನ್ನೇ ಅವರಿಂದ ಕಸಿದುಕೊಂಡಂತೆ. ಮನೆಯ ಮಗು ತನ್ನ ಪಾಲಿನ ಒಂದು ತುಣುಕು ಬೆಲ್ಲವನ್ನು ಅಜ್ಜಿಯ ಬಾಯಿಗೆ ಇಡಲು ಬಂದಾಗ, ಬೇಡ ನೀನೇ ತಿನ್ನು ಎನ್ನದೆ ಬಾಯಿ ತೆರೆಯುವ ಅಜ್ಜಿಯೇ ಆ ಮಗುವಿಗೆ ದಾಸೋಹದ ಮೊದಲ ಪಾಠ ಹೇಳುವ ಗುರು.

ಶರಣ ಬಂಧುಗಳೇ, ಮುಂದಿನ ಬಾರಿ ಯಾರಿಗಾದರೂ ಏನನ್ನಾದರೂ ಕೊಡುವಾಗ, ಇದು ಅವರ ದುಡಿಮೆಯನ್ನು ಗೌರವಿಸುವುದೋ ಅನುಮಾನಿಸುವುದೋ ಎಂದು ಲಕ್ಕಮ್ಮನವರು ಕೇಳಿದ ಪ್ರಶ್ನೆಯನ್ನು ನಮ್ಮಲ್ಲಿ ನಾವೇ ಕೇಳಿಕೊಳ್ಳೋಣ. ಯಾರಾದರೂ ಕೊಡಲು ಬಂದಾಗ ಅಂಬಲಿಯಾದರೂ ಸರಿ, ಎರಡು ಕೈಯೊಡ್ಡಿ ಸ್ವೀಕರಿಸೋಣ. ಇಂದು ರಾತ್ರಿ ಪ್ರಸಾದ ಸ್ವೀಕರಿಸಿ ಏಳುವ ಮುನ್ನ, ಅದನ್ನು ಅಟ್ಟು ಬಡಿಸಿದವರ ಕಡೆಗೆ ತಿರುಗಿ ಒಮ್ಮೆ ಶರಣು ಎನ್ನೋಣ.